ಹಿಮ್ಮಡಿಯ ಮಸಿ

ನಾನು ಅಂಗನವಾಡಿ ಕಾರ್ಯಕರ್ತೆ. ಖಾನಾಪುರದಲ್ಲಿ ನಮ್ಮ ಓಣಿಯ ಮೂವತ್ತೆರಡು ಮಕ್ಕಳ ತೂಕ ಎಷ್ಟು, ಯಾರಿಗೆ ಯಾವ ಚುಚ್ಚುಮದ್ದು ಬಾಕಿ, ಯಾರು ಉಪ್ಪಿಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸಿ ಒಗೆಯುತ್ತಾರೆ, ಎಲ್ಲಾ ನನಗೆ ಬಾಯಿಪಾಠ. ಆದರೆ ನನ್ನ ಸ್ವಂತ ಮಗಳ ಮನಸ್ಸಿನಲ್ಲಿ ಏನಿದೆ ಅಂತ ಎರಡು ವರ್ಷ ಗೊತ್ತಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಎತ್ತಿ ಆಡುವುದು ಬೇಡ.

ಎರಡು ಸಾವಿರದ ಇಸವಿಯ ಶ್ರಾವಣ. ಮಧ್ಯಾಹ್ನ ಅಂಗನವಾಡಿಗೆ ಬೀಗ ಹಾಕಿ ಮನೆಗೆ ಬಂದೆ. ಅತ್ತೆ ಸಾವಂತ್ರವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಳಗೆ ತೊಟ್ಟಿಲ ಹತ್ತಿರ ಒಂಬತ್ತು ವರ್ಷದ ಮನಿಷಾ ಬಗ್ಗಿ ನಿಂತಿದ್ದಳು. ಒಂಬತ್ತು ತಿಂಗಳ ತಮ್ಮನ ಬಾಯಿಗೆ ತನ್ನ ಕರವಸ್ತ್ರವನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದಳು. ಕೂಸಿನ ಮುಖ ಕೆಂಪಗಾಗಿ ಕಣ್ಣು ಮೇಲಾಗಿತ್ತು. ನಾನು ಬಟ್ಟೆ ಕಿತ್ತೊಗೆದು, ಕೂಸನ್ನು ಬೋರಲು ಹಾಕಿ ಬೆನ್ನು ತಟ್ಟಿದೆ. ಅದು ಕಿಟಾರನೆ ಕಿರುಚಿತು. ಆಮೇಲೆ ಮನಿಷಾಳ ಕೆನ್ನೆಗೆ ಬಾರಿಸಿದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಅವಳು ಅಳಲಿಲ್ಲ. "ಅವ ಮಾತಾಡಾಕತ್ತಿದ್ದ," ಅಂದಳು, ಅಷ್ಟೇ.

ಆವತ್ತು ಸಂಜೆ ಮನೆಯಲ್ಲಿ ಪಂಚಾಯ್ತಿ. ಗಂಡನ ಹೆಸರು ಹೇಳಬಾರದಂತೆ. ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಗಜಾನನ ಅಂತ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕಂಬ ಹತ್ತುವಾಗ ಇರುವ ಧೈರ್ಯ ಅವ್ವನ ಮುಂದೆ ಇರುವುದಿಲ್ಲ.

"ಕೂಸು ಉಳೀಬೇಕಂದ್ರ ಈ ಹುಡುಗಿ ಈ ಮನ್ಯಾಗ ಇರಬಾರ್ದು," ಅಂದಳು ಅತ್ತೆ. "ದಸರಾ ಮುಗೀತಂದ್ರ ಸಾಂಬ್ರಾಕ್ಕ ಸತ್ಯವ್ವನ ಮನಿಗೆ ಬಿಟ್ಟು ಬಾ. ಅಲ್ಲೇ ಸಾಲಿ ಕಲೀಲಿ."

ಸಾಂಬ್ರಾ ಊರಿನ ಸತ್ಯವ್ವ ನನ್ನ ನಾದಿನಿ, ಒಳ್ಳೆಯವಳೇ. ಆದರೆ ನನ್ನ ಮಗಳನ್ನು ಮನೆಯಿಂದ ಹೊರಹಾಕುವ ಮಾತು ಅದು. ಗಜಾನನ ತಲೆ ಕೆಳಗೆ ಹಾಕಿ, "ನೋಡೂಣು," ಅಂದ. ಅವನ ನೋಡೂಣು ಅಂದರೆ ಆಯಿತು ಅಂತಲೇ ಅರ್ಥ. ದಸರಾಕ್ಕೆ ಎಂಟು ವಾರ ಇತ್ತು. ಎಂಟು ವಾರದಲ್ಲಿ ಇವಳಿಗೆ ಏನಾಗಿದೆ ಅಂತ ಕಂಡುಹಿಡಿಯದಿದ್ದರೆ ನಾನು ತಾಯಿಯೇ ಅಲ್ಲ ಅಂತ ಆ ಹೊತ್ತಿಗೇ ನಿರ್ಧಾರ ಮಾಡಿದೆ.

ಆ ಕೂಸಿನ ವಿಷಯ ಇಲ್ಲಿ ಹೇಳಬೇಕು. ಅವನಿಗಿಂತ ಮೊದಲು ನನಗೆ ಇನ್ನೊಬ್ಬ ಮಗ ಇದ್ದ, ಯಲ್ಲೇಶ. ಐದು ವರ್ಷದವನು. ತೊಂಬತ್ತೆಂಟರಲ್ಲಿ ದಸರಾಕ್ಕೆ ಮೂರು ದಿನ ಇರುವಾಗ ಕಾಮಾಲೆಯಿಂದ ಹೋದ. ನಮ್ಮಲ್ಲಿ ಸಣ್ಣ ಮಕ್ಕಳು ಹೋದರೆ ಹೂಳುವ ಮುಂಚೆ ಹಿರಿಯರು ಮೈಮೇಲೆ ಎಲ್ಲಾದರೂ ಒಂದು ಮಸಿಯ ಬೊಟ್ಟು ಇಡುತ್ತಾರೆ. ಅದೇ ಹೊಟ್ಟೆಯಲ್ಲಿ ತಿರುಗಿ ಹುಟ್ಟಿದರೆ ಗುರುತು ಸಿಗಲಿ ಅಂತ. ಅತ್ತೆ ಹಂಚಿನ ತಳದ ಮಸಿಯನ್ನು ಅವನ ಹಿಮ್ಮಡಿಗೆ ಹಚ್ಚಿದ್ದಳು. ಮರುವರ್ಷ ನವೆಂಬರ್‌ನಲ್ಲಿ ಈ ಕೂಸು ಹುಟ್ಟಿತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅತ್ತೆ ಕೂಸಿನ ಕಾಲು ಎತ್ತಿ ಹಿಡಿದು, "ಪ್ರಮಿಳಾ, ಇಲ್ಲಿ ನೋಡ ಯವ್ವಾ, ಹಿಮ್ಮಡ್ಯಾಗ ಮಚ್ಚಿ! ನಮ್ಮ ಯಲ್ಲೇಶ ಹೊಳ್ಳಿ ಬಂದಾನ!" ಅಂದಳು. ನಾನು ಹೊರಳಿ ನೋಡಿದೆ. ಮಚ್ಚೆ ಇತ್ತು. ಕೂಸನ್ನು ಎದೆಗೆ ಹಚ್ಚಿಕೊಂಡೆ.

ಅದಕ್ಕೂ ಯಲ್ಲೇಶ ಅಂತಲೇ ಹೆಸರಿಟ್ಟೆವು. ಮೊದಲ ವರ್ಷ ಅವನ ಸಮಾಧಿಗೆ ಎಡೆ ಇಟ್ಟಿದ್ದೆವು. ಇನ್ನು ಬೇಡ ಅಂದಳು ಅತ್ತೆ, ಬಂದವನಿಗೆ ಎಡೆ ಯಾಕೆ? ಕೂಸನ್ನು ನೋಡಲು ಬಂದವರೆಲ್ಲ ಒಂದೇ ಮಾತು: "ಎಲ್ಲಾ ನೆನಪಿರತೈತಿ ಅವಂಗ. ಬಾಯಿ ಬರ್ಲಿ, ಎಲ್ಲಾ ಹೇಳ್ತಾನ ನೋಡ್ರಿ." ನನಗೆ ಆ ಮಾತು ಕೇಳುವಾಗೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು. ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ ಮನಿಷಾಳಿಗೆ ಏನಾಗುತ್ತಿತ್ತು ಅಂತ ನಾನು ನೋಡಲಿಲ್ಲ.

ಅದರ ಹಿಂದಿನ ವರ್ಷ ಬೆಳಗಾವಿಯಲ್ಲಿ ನಮಗೆ ತರಬೇತಿ ಇತ್ತು. ಪ್ರಾಚಿ ಅಂತ ಒಬ್ಬರು ಮಕ್ಕಳ ಮನಸ್ಸಿನ ಬಗ್ಗೆ ಒಂದು ತಾಸು ಮಾತಾಡಿದ್ದರು. ಊಟದ ನಂತರದ ಹೊತ್ತು, ನಾನು ಚೆನ್ನಾಗಿ ತೂಕಡಿಸಿದ್ದೆ. ಆದರೂ ಒಂದು ಮಾತು ಕಿವಿಯಲ್ಲಿ ಉಳಿದಿತ್ತು: ಮಗು ಕೆಟ್ಟದ್ದನ್ನು ಮಾಡಿದರೆ ಮೊದಲು ಅದು ಯಾವುದಕ್ಕೆ ಹೆದರಿದೆ ನೋಡಿ. ಅವರನ್ನು ಹುಡುಕಿದೆ. ರವಿವಾರ ಪೇಟೆಯಲ್ಲಿ ಮೆಣಸಿನಕಾಯಿಯ ಸಗಟು ವ್ಯಾಪಾರಿ ತಾತ್ಯಾಸಾಹೇಬರ ಸೊಸೆ ಅವರು. ಅಂಗಡಿಯ ಮೇಲಿನ ಕೋಣೆಯಲ್ಲಿ ಮಕ್ಕಳನ್ನು ನೋಡುತ್ತಾರೆ ಅಂತ ತಿಳಿಯಿತು. ನನ್ನ ಪುಣ್ಯ, ಸತ್ತುಹೋದ ಮಾವ ಕಂಬಳಿ ಮಾರಲು ಪೇಟೆಗೆ ಹೋದಾಗ ಆ ಅಂಗಡಿಯಲ್ಲೇ ಗಂಟು ಇಳಿಸಿ ನೀರು ಕುಡಿಯುತ್ತಿದ್ದ. "ತಾತ್ಯಾಸಾಹೇಬರ ಮನಿ ಅಂದ್ರ ಹೋಗು," ಅಂದಳು ಅತ್ತೆ. ಹುಚ್ಚರ ಡಾಕ್ಟರ ಹತ್ತಿರ ಅಂದಿದ್ದರೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಶನಿವಾರ ಮುಂಜಾನೆಯ ಶಾಲೆ. ಅದು ಮುಗಿಯುತ್ತಲೇ ಮನಿಷಾಳನ್ನು ಕರೆದುಕೊಂಡು ಬೆಳಗಾವಿಯ ಬಸ್ ಹತ್ತಿದೆ. ಅಂಗಡಿಯೊಳಗೆ ಕಾಲಿಡುತ್ತಲೇ ಇಬ್ಬರಿಗೂ ಸೀನು. ತಾತ್ಯಾಸಾಹೇಬರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನಕ್ಕು, "ಬ್ಯಾಡಗಿ ಮೆಣಸಿನಕಾಯ್ರಿ, ಹೊಸಾ ಮಂದೀನ ಹಿಂಗ ಮಾತಾಡಸ್ತಾವ. ಮ್ಯಾಲ ಹೋಗ್ರಿ," ಅಂದರು.

ಪ್ರಾಚಿ ಮೂವತ್ತರ ಆಸುಪಾಸಿನವರು. ಒಂದು ಫಾರ್ಮ್ ತೆಗೆದುಕೊಂಡು ಕೇಳಿದರು.

"ಮಕ್ಕಳು ಎಷ್ಟ್ ಮಂದಿರೀ ಅಕ್ಕಾರ?"

"ಇಬ್ಬರು," ಅಂದೆ.

ಮನಿಷಾ ತಟ್ಟನೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ನಾನು ಗಮನಿಸಲಿಲ್ಲ. ಪ್ರಾಚಿ ಗಮನಿಸಿದ್ದರು ಅಂತ ಆಮೇಲೆ ಗೊತ್ತಾಯಿತು.

ಎಲ್ಲಾ ಹೇಳಿ ಮುಗಿಸಿದ ಮೇಲೆ ಅವರು ಬೈಯಲೂ ಇಲ್ಲ, ಗುಳಿಗೆ ಬರೆದು ಕೊಡಲೂ ಇಲ್ಲ. ಕೂಸನ್ನು ಮನಿಷಾಳ ಹತ್ತಿರ ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು ಅಂದರು. "ಶಿಕ್ಷಾ ಅಂತ ಅಲ್ರಿ. ಕಾಯೋ ಹೊರಿ ಆಕಿ ಮ್ಯಾಲಿಂದ ಇಳೀಲಿ ಅಂತ." ಆಮೇಲೆ ದಿನಾ ಹದಿನೈದು ನಿಮಿಷ ನಾನು ಅವಳೊಬ್ಬಳ ಜೊತೆ ಕೂರಬೇಕು. ಪ್ರಶ್ನೆ ಕೇಳಬಾರದು, ಬುದ್ಧಿ ಹೇಳಬಾರದು, ಅವಳು ಹೇಳಿದ ಆಟ ಆಡಬೇಕು. ಕೇಳುವುದಕ್ಕೆ ಸುಲಭ. ಬಾಯಿ ಮುಚ್ಚಿಕೊಂಡು ಹದಿನೈದು ನಿಮಿಷ ಕೂರುವುದು ನನ್ನಂಥವಳಿಗೆ ಎಂಥ ಕಷ್ಟ ಅಂತ ನನ್ನ ಗಂಡನನ್ನು ಕೇಳಿ.

ವಾರ ವಾರ ಹೋದೆವು. ಮೇಲಿನ ಕೋಣೆಯಲ್ಲಿ ಒಂದು ಅಗಲದ ಟ್ರೇ ತುಂಬ ಮರಳು, ಬಟ್ಟೆಯ ಗೊಂಬೆಗಳು, ಆಟದ ಒಲೆ, ಜೇಡಿಮಣ್ಣು. ಬಾಗಿಲು ಹಾಕಿಕೊಂಡು ಅವರಿಬ್ಬರೂ ಒಂದು ತಾಸು ಒಳಗೆ. ನಾನು ಕೆಳಗೆ ಗೋಣಿಚೀಲದ ಮೇಲೆ ಕೂತು ಸೀನುವುದು. ಮೂರನೆಯ ವಾರ ತಡೆಯಲಾಗಲಿಲ್ಲ.

"ಬಾಯಾರ, ಬರೇ ಆಡಾಕ ಇಷ್ಟ್ ದೂರ ಬರಬೇಕೇನ್ರಿ? ಆಟ ನಮ್ಮ ಅಂಗನವಾಡ್ಯಾಗೂ ಐತಿ."

"ಅಂಗನವಾಡ್ಯಾಗ ನೀವು ಆಡಸ್ತೀರಿ, ಮಕ್ಕಳು ಆಡ್ತಾವ. ಇಲ್ಲಿ ಆಕಿ ಆಡಸ್ತಾಳ, ನಾ ಆಡ್ತೇನಿ," ಅಂದರು ಪ್ರಾಚಿ. "ಬಾಯಿಲೆ ಹೇಳಾಕ ಆಗದ್ದನ್ನ ಮಕ್ಕಳು ಕೈಲೆ ಹೇಳ್ತಾವ ಅಕ್ಕಾರ. ನಾವು ಅವಸರ ಮಾಡಿದ್ರ ಕೈನೂ ಸುಮ್ಮನಾಗತಾವ."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಮನೆಯಲ್ಲಿ ಒಂದು ಬದಲಾವಣೆ ಕಂಡಿತ್ತು. ಹದಿನೈದು ನಿಮಿಷದ ಆಟ ಮುಗಿದ ಮೇಲೂ ಮನಿಷಾ ನನ್ನ ತೊಡೆಗೆ ಒರಗಿ ಕೂರುತ್ತಿದ್ದಳು. ಎರಡು ವರ್ಷದಿಂದ ಹಾಗೆ ಕೂತಿರಲಿಲ್ಲ. ಬಿಡಬಾರದು ಅಂತ ಹಲ್ಲು ಕಚ್ಚಿ ಹೋಗುತ್ತಲೇ ಇದ್ದೆ.

ಐದನೆಯ ವಾರ ಪ್ರಾಚಿ ಮೆಟ್ಟಿಲ ಮೇಲೆ ನಿಂತು ನನ್ನನ್ನು ಕರೆದರು. "ಮನಿಷಾ ನಿಮಗ ಒಂದು ಆಟ ತೋರಸ್ತಾಳಂತ. ನಾನ ಕೇಳೇನಿ, ಆಕಿ ಹೂಂ ಅಂದಾಳ. ನೀವು ಮುಗಿಯೂತನಾ ನಡುವ ಮಾತಾಡಬ್ಯಾಡ್ರಿ."

ಮನಿಷಾ ಮರಳಿನ ಮೇಲೆ ಒಂದು ಗಂಡು ಗೊಂಬೆ ಮಲಗಿಸಿದಳು. ಕಾಯಿಲೆಯವರಿಗೆ ಪಟ್ಟಿ ಹಾಕುವಂತೆ ಅದರ ಹಣೆಗೆ ಒಂದು ಎಲೆಯ ಚೂರು ಇಟ್ಟಳು. ಲಂಗದ ಗೊಂಬೆಯೊಂದು ಬಂತು. ಅದರ ಕೈಯಲ್ಲಿ ಜೇಡಿಮಣ್ಣಿನ ಉಂಡೆ.

"ಇದೇನು?" ಅಂದರು ಪ್ರಾಚಿ.

"ಭಜಿ. ಸಂತ್ಯಾಗಿಂದು."

ಲಂಗದ ಗೊಂಬೆ ಮಲಗಿದ ಗೊಂಬೆಗೆ ಭಜಿ ತಿನ್ನಿಸಿತು. ಆಮೇಲೆ ಮನಿಷಾ ಎರಡೂ ಕೈಯಿಂದ ಮರಳು ಎಳೆದು ಮಲಗಿದ ಗೊಂಬೆಯನ್ನು ಮುಚ್ಚಿದಳು. ಅದೇ ಜಾಗದಲ್ಲಿ ಒಂದು ಪುಟ್ಟ ಕೂಸಿನ ಗೊಂಬೆ ಇಟ್ಟು, ಅದರ ಬಾಯಿಗೆ ಚಿಂದಿ ಕಟ್ಟಿದಳು.

"ಕೂಸಿನ ಬಾಯಿ ಯಾಕ ಕಟ್ಟೀದಿ?"

"ಬಾಯಿ ಬಂದ್ರ ಹೇಳತೈತಿ."

"ಯಾರ ಮುಂದ?"

ಮನಿಷಾ ನನ್ನ ಕಡೆ ನೋಡಲಿಲ್ಲ. "ಅವ್ವನ ಮುಂದ. ಅಕ್ಕ ಭಜಿ ತಿನಿಸಿ ನನ್ನ ಕೊಂದ್ಲು ಅಂತ."

ಯಲ್ಲೇಶನ ಕೊನೆಯ ದಿನಗಳು ನೆನಪಾದವು. ಕಾಮಾಲೆಯ ಪಥ್ಯ: ಎಣ್ಣೆ ಇಲ್ಲ, ಉಪ್ಪಿಲ್ಲ, ಬರೀ ಮಜ್ಜಿಗೆ ಅನ್ನ. ಭಜಿಗಾಗಿ ಅವನು ನನ್ನ ಹತ್ತಿರವೂ ಅತ್ತಿದ್ದ. ಆಗ ಇವಳಿಗೆ ಏಳು ವರ್ಷ. ರವಿವಾರದ ಸಂತೆಯಿಂದ ಲಂಗದಲ್ಲಿ ಮುಚ್ಚಿಕೊಂಡು ತಂದು ಕೊಟ್ಟಿದ್ದಳು. ಬುಧವಾರ ಅವನು ಹೋದ. ನಾನು ಅವಳನ್ನು ಅಪ್ಪಿಕೊಂಡು, "ಭಜಿ ತಿಂದು ಯಾರೂ ಸಾಯಂಗಿಲ್ಲ ನನ್ನವ್ವಾ, ನಿಂದೇನೂ ತಪ್ಪಿಲ್ಲ," ಅಂದೆ. ಹತ್ತು ಸಲ ಅಂದೆ.

ಅವಳು ನನ್ನ ತೋಳಿನೊಳಗೆ ಕಟ್ಟಿಗೆಯಂತೆ ನಿಂತಿದ್ದಳು. "ನಿನಗೇನ್ ಗೊತ್ತು?" ಅಂದಳು. "ಅವಂಗ ಗೊತ್ತೈತಿ. ಅವ ಬಂದಾನಲಾ."

ಅವಳನ್ನು ಕೆಳಗೆ ತಾತ್ಯಾಸಾಹೇಬರ ಹತ್ತಿರ ಕಳಿಸಿ ಪ್ರಾಚಿ ನನ್ನನ್ನು ಕೂರಿಸಿಕೊಂಡರು.

"ಅಕ್ಕಾರ, ಆ ಕೂಸು ಯಲ್ಲೇಶನ ಅಂತ ನಿಮಗ ಖಾತ್ರಿ ಐತೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಬಾಯಾರ, ನಿಮ್ಮ ಕೂಸು ಹೋಗಿಲ್ಲ. ನಂಬಿಕಿ ಕಸಗೊಳ್ಳಾಕ ಬರಬ್ಯಾಡ್ರಿ."

"ನಾ ಕಸಗೊಳ್ಳಾಂಗಿಲ್ರಿ. ಅದು ನಿಮ್ಮದು. ಆದ್ರ ಕೂಸು ಯಲ್ಲೇಶ ಆಗಿ ಇರೂತನಾ ಮನಿಷಾ ತಪ್ಪು ಮಾಡಿದಾಕಿ ಆಗೇ ಇರ್ತಾಳ. ನಾ ಹೇಳಿದ್ರ ಆಕಿ ನಂಬಾಂಗಿಲ್ಲ. ನೀವು ಹೇಳಿದ್ರ ನಂಬತಾಳ, ಅದೂ ನೀವು ಖರೇ ಹೇಳಿದ್ರ."

ನಾನು ಎದ್ದು ಬಂದೆ. ಬಸ್ಸಿನಲ್ಲಿ ಮನಿಷಾ ನನ್ನ ಭುಜದ ಮೇಲೆ ನಿದ್ದೆ ಹೋದಳು. ನನಗೆ ಒಂದು ವರ್ಷದಿಂದ ಮುಚ್ಚಿಟ್ಟಿದ್ದು ಕಣ್ಣಮುಂದೆ ಬಂತು. ಯಲ್ಲೇಶನ ಮೈ ತೊಳೆದವಳು ನಾನು. ಮಸಿ ಹಚ್ಚುವಾಗ ಅವನ ಕಾಲು ಹಿಡಿದವಳೂ ನಾನೇ. ಅದು ಬಲಗಾಲು. ಕೂಸಿನ ಮಚ್ಚೆ ಇರುವುದು ಎಡಗಾಲಿನಲ್ಲಿ. ಹುಟ್ಟಿದ ದಿನವೇ ನೋಡಿದ್ದೆ, ಗೊತ್ತಿತ್ತು, ಬಾಯಿ ಬಿಡಲಿಲ್ಲ. ನನಗೆ ಅವನು ಬೇಕಾಗಿತ್ತು. ಆ ಒಂದು ಸುಳ್ಳಿನ ಮೇಲೆ ನಾನು ಒಂದು ವರ್ಷ ಉಂಡು ನಿದ್ದೆ ಮಾಡಿದ್ದೆ, ನನ್ನ ಮಗಳು ಅದರ ಕೆಳಗೆ ಸಿಕ್ಕಿಕೊಂಡಿದ್ದಳು.

ಎರಡು ದಿನ ಮನೆಗೆಲಸದಲ್ಲಿ ದೂಡಿದೆ. ಮೂರನೆಯ ದಿನ ಅತ್ತೆ ರೊಟ್ಟಿ ಬಡಿಯುತ್ತಿರುವಾಗ ಎದುರಿಗೆ ಕೂತು, ಭಜಿಯ ವಿಷಯವನ್ನೆಲ್ಲ ಹೇಳಿದೆ. ಆಮೇಲೆ, "ಅತ್ತೀ, ಆ ಮಸಿ ಬಲಗಾಲಿಗೆ ಹಚ್ಚಿದ್ರಿ," ಅಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹಚ್ಚಿದಾಕಿ ನಾನು," ಅಂದಳು. "ಯಾವ ಕಾಲು ಅನ್ನೂದು ನಂಗ ಗೊತ್ತಿಲ್ಲೇನು?"

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಕೂಸು ಹುಟ್ಟಿದಾಗ ನೀ ಗ್ವಾಡಿ ಕಡೆ ಮಾರಿ ಮಾಡಿದ್ದಿ. ಮಲಿ ಕೊಡಂದ್ರ ಒಲ್ಲೆ ಅಂದಿ. ಒಂದು ವರ್ಷದಿಂದ ನೀ ನೆಟ್ಟಗ ಉಂಡಿದ್ದಿಲ್ಲ. ಇದೂ ಹೋಗತೈತಿ, ನೀನೂ ಹೋಗತಿ ಅನಿಸ್ತು. ಮಚ್ಚಿ ಕಂಡ್ತು, ಅಂದೆ. ನೀ ಹೊಳ್ಳಿದಿ. ದೇವರು ನಂಗ ಕ್ಷಮಾ ಮಾಡ್ಲಿ." ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. "ಈಗ ಅದನ್ನ ಯಾಕ ತಗೀತಿ? ಇರಲಿ ಬಿಡು. ಹುಡುಗಿ ದೊಡ್ಡಾಕಿ ಆದ್ರ ಮರೀತಾಳ."

"ಮರಿಯೂದಿಲ್ಲ ಅತ್ತೀ. ಆಕಿ ಹೊರತಾಳ."

"ಮತ್ತ ಅವ? ಅವನ್ನ ಇನ್ನೊಮ್ಮಿ ಹೂಳ್ತೀಯೇನು?"

"ಹೂಂ," ಅಂದೆ. ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. "ಹೋದ ಮಗನ್ನ ಹೋಗ್ಯಾನ ಅಂತೇನಿ. ಇದ್ದ ಮಗಳನ್ನ ಸಾಂಬ್ರಾಕ್ಕ ಕಳಸೂದಿಲ್ಲ. ಅವನ ದಿನ ಬರಾಕತ್ತೈತಿ. ನಾ ಎಡಿ ಇಡತೇನಿ."

"ನಾ ಬರೂದಿಲ್ಲ," ಅಂದು ಅತ್ತೆ ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಮರುದಿನ ಅಂಚೆ ಕಚೇರಿಯ ಹತ್ತಿರದ ಫೋನಿನಿಂದ ಪ್ರಾಚಿಯವರಿಗೆ ಹೇಳಿದೆ. ಅವಸರ ಬೇಡ, ಇಲ್ಲಿ ಕೋಣೆಯಲ್ಲೇ ಹೇಳಿ, ಅವಳು ಇಲ್ಲಿ ಹೆದರುವುದಿಲ್ಲ ಅಂದರು. ಏನು ಹೇಳಬೇಕು ಅಂತ ಆರನೆಯ ವಾರ ನಾನೊಬ್ಬಳೇ ಅವರ ಎದುರು ಕೂತು ಅಭ್ಯಾಸ ಮಾಡಿದೆ. ಎರಡು ಸಲ ಅತ್ತು ನಿಲ್ಲಿಸಿದೆ, ಮೂರನೆಯ ಸಲ ಕೊನೆಯವರೆಗೂ ಹೇಳಿದೆ. ಅತ್ತರೆ ಅಡ್ಡಿ ಇಲ್ಲ, ಸುಳ್ಳು ಮಾತ್ರ ಸೇರಿಸಬೇಡಿ ಅಂದರು.

ಏಳನೆಯ ಶನಿವಾರ ಮರಳಿನ ಪಕ್ಕದಲ್ಲಿ ಮನಿಷಾಳನ್ನು ಕೂರಿಸಿಕೊಂಡು ಹೇಳಿದೆ.

"ತಮ್ಮನ ಕಾಲಾಗಿನ ಮಚ್ಚಿ ಎಡಗಾಲಾಗ ಐತಿ. ಅಜ್ಜಿ ಯಲ್ಲೇಶಗ ಮಸಿ ಹಚ್ಚಿದ್ದು ಬಲಗಾಲಿಗೆ. ನಾನ ಕಾಲು ಹಿಡಿದಿದ್ದೆ, ನನ್ನ ಕೈಗೂ ಹತ್ತಿತ್ತು. ನಂಗ ಅವ ಬೇಕಾಗಿದ್ದ, ಅದಕ್ಕ ಸುಮ್ಮನಿದ್ದೆ. ಈ ಕೂಸು ಬ್ಯಾರೆ ಕೂಸು, ಮನಿಷಾ. ಇದಕ್ಕೇನೂ ಗೊತ್ತಿಲ್ಲ."

ಅವಳು ಕೇಳುತ್ತಲೇ ಪುಟ್ಟ ಕೂಸಿನ ಗೊಂಬೆಯ ಬಾಯಿಗೆ ಮತ್ತೆ ಚಿಂದಿ ಕಟ್ಟಿ ಮರಳಿನ ಮೇಲೆ ಇಟ್ಟಳು.

"ಇನ್ನೊಂದು ಐತಿ. ಯಲ್ಲೇಶಗ ಕಾಮಾಲಿ ಆದಾಗ ಎಂಟು ದಿನಾ ಮನ್ಯಾಗ ಸೊಪ್ಪಿನ ರಸಾ ಕುಡಿಸಿದಿವಿ. ದವಾಖಾನಿಗೆ ಒಯ್ಯಬೇಕು ಅನ್ನೂದು ನಂಗ ಗೊತ್ತಿತ್ತು. ನಾ ಊರ ಮಂದಿಗೆ ಹೇಳಾಕಿ, ನಮ್ಮ ಮನ್ಯಾಗ ಹೇಳಲಿಲ್ಲ. ತಡಾ ಆತು ಅಂತ ಬೆಳಗಾವಿ ಡಾಕ್ಟರು ನಿಮ್ಮಪ್ಪಗ ಹೇಳ್ಯಾರ. ತಡಾ ಮಾಡಿದವರು ನಾವು, ದೊಡ್ಡವರು. ನಿನ್ನ ಭಜಿ ಅಲ್ಲ."

ಹೇಳಿ ಮುಗಿಸಿ ಬಾಯಿ ಮುಚ್ಚಿಕೊಂಡೆ, ಹದಿನೈದು ನಿಮಿಷದ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಕೆಳಗೆ ಹಮಾಲರು ಚೀಲ ಇಳಿಸುತ್ತಿದ್ದರು. ಆಮೇಲೆ ಮನಿಷಾ ಪುಟ್ಟ ಕೂಸಿನ ಗೊಂಬೆ ಎತ್ತಿಕೊಂಡು ಅದರ ಬಾಯಿಯ ಚಿಂದಿ ಬಿಚ್ಚಿದಳು.

"ಅವಂಗ ಭಜಿ ಭಾಳ ಸೇರಿತ್ತವ್ವಾ," ಅಂದಳು. "ಇನ್ನೊಂದು ಬೇಡಿದ. ನಾ ಕೊಡಲಿಲ್ಲ." ಎರಡು ವರ್ಷದ ಅಳು ಆಗ ಬಂತು. ನಾನೂ ಅವಳ ಜೊತೆ ಸೇರಿ ಗಟ್ಟಿಯಾಗಿ ಅತ್ತೆ. ಪೇಟೆಯ ಮಂದಿಗೆ ಕೇಳಿದರೆ ಕೇಳಲಿ, ಮೆಣಸಿನಕಾಯಿ ಘಾಟು ಅಂದುಕೊಳ್ಳಲಿ.

ಮುಂದಿನ ವಾರ ಯಲ್ಲೇಶನ ದಿನ. ಮುಂಜಾನೆ ನಾನು ಬಾಣಲೆ ಇಟ್ಟು ಉಳ್ಳಾಗಡ್ಡಿ ಭಜಿ ಕರಿದೆ. ಮನಿಷಾ ಹಿಟ್ಟು ಕಲಸಿದಳು. ಗಜಾನನ ಏನೂ ಕೇಳದೆ ಕೂಸನ್ನು ಹೆಗಲಿಗೆ ಹಾಕಿಕೊಂಡ. ಆವತ್ತು ಅವನು ರಜೆ ಹಾಕಿದ್ದ. ಅತ್ತೆ ಕಟ್ಟೆಯ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದಳು. ನಾವು ಮಲಪ್ರಭೆಯ ದಂಡೆಯ ಹಾದಿ ಹಿಡಿದೆವು.

ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ಕಿತ್ತು ಸ್ವಚ್ಛ ಮಾಡಿ ಎಲೆ ಹಾಸಿದೆವು. ಮನಿಷಾ ತನ್ನ ಕೈಯಿಂದ ಎರಡು ಭಜಿ ಇಟ್ಟಳು, ಒಂದು ಆವತ್ತಿನದು, ಒಂದು ಕೊಡದೆ ಉಳಿದದ್ದು. "ತಿನ್ನೋ ಯಲ್ಲೇಶ," ಅಂದಳು.

ಹಿಂದಿನಿಂದ ಯಾರೋ ಏದುಸಿರು ಬಿಡುವ ಸದ್ದು ಕೇಳಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದಳು, ಕೈಯಲ್ಲಿ ಮಿಕ್ಕ ಭಜಿಯ ಡಬ್ಬಿ. ಎಲೆಯನ್ನು ನೋಡಿದಳು.

"ಎರಡ ಭಜಿ ಎಲ್ಲಿ ಸಾಲತಾವ ಅವಂಗ," ಅಂದು ಡಬ್ಬಿಯನ್ನು ಅಲ್ಲೇ ಬೋರಲು ಹಾಕಿದಳು. ಆಮೇಲೆ ಮನಿಷಾಳ ಪಕ್ಕದಲ್ಲಿ ಕೂತು, ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಸಾಂಬ್ರಾಕ್ಕೆ ಫೋನು ಮಾಡಿ ಹುಡುಗಿ ಬರುವುದಿಲ್ಲ ಅಂತ ಹೇಳಿದವಳೂ ಅವಳೇ.

ಎಲ್ಲಾ ಅಲ್ಲಿಗೇ ಸರಿಹೋಯಿತು ಅಂತ ತಿಳಿಯಬೇಡಿ. ಡಿಸೆಂಬರ್‌ವರೆಗೂ ಹದಿನೈದು ದಿನಕ್ಕೊಮ್ಮೆ ಬೆಳಗಾವಿಗೆ ಹೋದೆವು. ನಡುವೆ ಕೂಸಿಗೆ ಜ್ವರ ಬಂದಾಗ ಮನಿಷಾ ಎರಡು ದಿನ ಅನ್ನ ಬಿಟ್ಟಳು. ಮತ್ತೆ ಮರಳು, ಮತ್ತೆ ಗೊಂಬೆ. ಕೂಸಿಗೆ ಬೇರೆ ಹೆಸರಿಡೋಣ ಅಂದವಳು ಮನಿಷಾಳೇ. ಅವಳು ಹುಟ್ಟುವ ಮುಂಚೆಯೇ ಹೋದ ಅಜ್ಜನ ಹೆಸರು ಆರಿಸಿದಳು, ಭರಮಪ್ಪ. "ಮತ್ತ ಮುತ್ಯಾ ಹೊಳ್ಳಿ ಬಂದಾನ ಅಂತ ಶುರು ಮಾಡಬ್ಯಾಡ್ರಿ," ಅಂದೆ ಅತ್ತೆಗೆ. ಅವಳು ಮೊದಲ ಸಲ ನಕ್ಕಳು.

ಫೆಬ್ರವರಿಯಲ್ಲಿ ಜನಗಣತಿಗೆ ಶಾಲೆಯ ಮಾಸ್ತರರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿ ಕೊಟ್ಟೆ. ಮನೆಯಲ್ಲಿರುವವರ ಹೆಸರು ಕೇಳಿದರು. ಕೂಸಿನ ಹೆಸರಿಗೆ ಬಂದಾಗ ಅತ್ತೆ ನಾಚಿಕೊಂಡು ಸೆರಗು ಬಾಯಿಗೆ ಹಿಡಿದಳು, ಗಂಡನ ಹೆಸರು ಹೇಗೆ ಹೇಳುತ್ತಾಳೆ? ಮನಿಷಾ ಅಲ್ಲಿಂದಲೇ ಕೂಗಿ ಹೇಳಿದಳು.

ಮಾಸ್ತರರು ಹಾಳೆ ತಿರುವಿದರು. "ನಿಮಗ ಹುಟ್ಟಿದ ಮಕ್ಕಳು ಒಟ್ಟು ಎಷ್ಟ್ರಿ? ಈಗ ಇದ್ದವರು ಎಷ್ಟು?"

ಅತ್ತೆ ನನ್ನ ಕಡೆ ನೋಡಿದಳು.

"ಮೂರು ಮಂದಿರೀ," ಅಂದೆ. "ಮಗಳು ಮನಿಷಾ, ಮಗ ಯಲ್ಲೇಶ, ಮಗ ಭರಮಪ್ಪ. ಯಲ್ಲೇಶ ಇಲ್ರಿ. ಇಬ್ಬರು ಅದಾರ."

ಅವರು ಬರೆದುಕೊಂಡರು. ಅಂಗಳದ ಆ ಬದಿಯಲ್ಲಿ ಮನಿಷಾ ತಮ್ಮನನ್ನು ಎರಡು ಕೈಯಿಂದ ಹಿಡಿದು ನಿಲ್ಲಿಸಿಕೊಂಡು, ಅವನ ಬಾಯಿಯ ಹತ್ತಿರ ತನ್ನ ಕಿವಿ ಇಟ್ಟಿದ್ದಳು.

"ಮಾತಾಡೋ ಭರಮ್ಯಾ," ಅನ್ನುತ್ತಿದ್ದಳು. "ಏನರ ಹೇಳು. ನಾ ಕೇಳ್ತೇನಿ."

ಅವನು ಅವಳ ಕಿವಿ ಹಿಡಿದು ಜಗ್ಗಿದ. ಅವಳು ಬಿಡಿಸಿಕೊಂಡು, ಮತ್ತೆ ಅಲ್ಲೇ ಕಿವಿ ಇಟ್ಟಳು.